ಡಾಂಬರು ತಿನ್ನುವ ಬ್ಯಾಕ್ಟೀರಿಯಾವನ್ನು ಹುಡುಕಲು ಕಲಿಸಿದ ಸಿಡುಕು ಮೇಷ್ಟ್ರು

ಸಮುದ್ರದಲ್ಲಿ ಹಡಗು ಒಡೆದು ಎಣ್ಣೆ ಚೆಲ್ಲಿದೆ ಎಂಬ ಸುದ್ದಿ ಬಂದರೆ ಸಾಕು, ವಾಟ್ಸಾಪ್‌ನಲ್ಲಿ ಒಂದು ಬಗೆಯ ಸಂದೇಶ ಓಡಾಡತೊಡಗುತ್ತದೆ. ವಿಜ್ಞಾನಿಗಳು ಲ್ಯಾಬಿನಲ್ಲಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾವನ್ನು ಸೃಷ್ಟಿಸಿದ್ದಾರಂತೆ, ಒಂದು ಪ್ಯಾಕೆಟ್ ಪುಡಿ ಸುರಿದರೆ ಎಣ್ಣೆ, ಟಾರು, ಕೆರೆಯ ಕೊಳಕು ಎಲ್ಲವೂ ಮಾಯವಂತೆ. ಕೆಲವು ಸಂದೇಶಗಳಲ್ಲಿ ಅದನ್ನು ಸೃಷ್ಟಿಸಿದವರು ಭಾರತೀಯರು ಎಂಬ ಹೆಮ್ಮೆಯ ಸಾಲೂ ಇರುತ್ತದೆ.

ಇದರಲ್ಲಿ ಸ್ವಲ್ಪ ನಿಜ ಇದೆ, ಸ್ವಲ್ಪ ಉತ್ಪ್ರೇಕ್ಷೆ ಇದೆ, ಒಂದು ದೊಡ್ಡ ತಪ್ಪೂ ಇದೆ. ಎಣ್ಣೆ ಮತ್ತು ಟಾರು ತಿನ್ನುವ ಬ್ಯಾಕ್ಟೀರಿಯಾವನ್ನು ಯಾರೂ ಸೃಷ್ಟಿಸಬೇಕಾಗಿರಲಿಲ್ಲ. ಅವು ಮೊದಲಿನಿಂದಲೂ ಮಣ್ಣಿನಲ್ಲೇ ಇದ್ದವು. ಅವನ್ನು ಹುಡುಕುವ ಉಪಾಯ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಆ ಉಪಾಯವನ್ನು ಒಂದು ಪದ್ಧತಿಯಾಗಿ ಬೆಳೆಸಿ ಜಗತ್ತಿಗೆ ಕೊಟ್ಟವರು ನೆದರ್‌ಲ್ಯಾಂಡ್ಸ್‌ನ ಮಾರ್ಟಿನಸ್ ಬೇಯರಿಂಕ್. ಸೂಕ್ಷ್ಮಜೀವಿ ವಿಜ್ಞಾನ ಓದಿದವರಿಗೆಲ್ಲ ಈ ಹೆಸರು ಗೊತ್ತು. ಉಳಿದವರಿಗೂ ಗೊತ್ತಾಗಲಿ ಎಂದು ಅವರ ಕಥೆಯನ್ನು ಇಲ್ಲಿ ಹೇಳುತ್ತಿದ್ದೇವೆ.

ಮುಳುಗಿದ ವ್ಯಾಪಾರ, ಬೆಳೆದ ಮಗ

ಬೇಯರಿಂಕ್ ಹುಟ್ಟಿದ್ದು 1851ರ ಮಾರ್ಚ್ 16ರಂದು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ತಂದೆ ಡರ್ಕ್ ತಂಬಾಕು ವ್ಯಾಪಾರಿ. ಮಗ ಇನ್ನೂ ಚಿಕ್ಕವನಿರುವಾಗಲೇ ವ್ಯಾಪಾರ ಮುಳುಗಿತು. ಊರು ಬಿಟ್ಟು ಹೋಗಿ ತಂದೆ ರೈಲ್ವೆ ಕಂಪನಿಯ ಕೆಲಸಕ್ಕೆ ಸೇರಿಕೊಂಡರು. ಮಗನನ್ನು ಶಾಲೆಗೆ ಕಳಿಸುವ ಬದಲು ಕೆಲವು ವರ್ಷ ಮನೆಯಲ್ಲೇ ಪಾಠ ಹೇಳಿದರು. ಹುಡುಗನಿಗೆ ಗಿಡಗಳ ಹುಚ್ಚು. ಮುಂದೆ ಓದಲು ಮನೆಯಲ್ಲಿ ಹಣವಿರಲಿಲ್ಲ, ಸಂಬಂಧಿಕರ ನೆರವಿನಿಂದ ಡೆಲ್ಫ್ಟ್ ಪಟ್ಟಣದ ಪಾಲಿಟೆಕ್ನಿಕ್‌ಗೆ ಸೇರಿ ರಸಾಯನ ಶಾಸ್ತ್ರ ಓದಿದರು.

ಅಲ್ಲಿ ಅವರ ಜೊತೆ ಬಾಡಿಗೆ ಕೋಣೆ ಹಂಚಿಕೊಂಡಿದ್ದ ಗೆಳೆಯನ ಹೆಸರು ಯಾಕೋಬಸ್ ಫಾಂಟ್ ಹಾಫ್. ಇಬ್ಬರೂ ಸೇರಿ ಕೋಣೆಯಲ್ಲೇ ರಾಸಾಯನಿಕ ಪ್ರಯೋಗ ನಡೆಸುತ್ತಿದ್ದರು. ಆ ಗೆಳೆಯ ಮುಂದೆ 1901ರಲ್ಲಿ ರಸಾಯನ ಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಡೆದರು. ಮನೆ ಮಾಲೀಕರ ಗತಿ ಏನಾಗಿತ್ತೋ!

1872ರಲ್ಲಿ ಡೆಲ್ಫ್ಟ್ ಓದು ಮುಗಿಯಿತು. ಬೇಯರಿಂಕ್ ಹೊಟ್ಟೆಪಾಡಿಗೆ ಮೇಷ್ಟರ ಕೆಲಸ ಮಾಡುತ್ತಲೇ ಲೈಡನ್ ವಿಶ್ವವಿದ್ಯಾಲಯದಲ್ಲಿ ಓದು ಮುಂದುವರಿಸಿದರು. 1877ರಲ್ಲಿ ಡಾಕ್ಟರೇಟ್ ಬಂತು. ವಿಷಯ, ಗಿಡಗಳ ಮೇಲೆ ಮೂಡುವ ಗಂಟುಗಳು. ಹೊಂಗೆ ಎಲೆಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳಂಥ ಗಂಟುಗಳನ್ನು ನೀವು ನೋಡಿರಬಹುದು. ಪುಟ್ಟ ಕೀಟವೊಂದು ಬಂದು ಮೊಟ್ಟೆ ಇಟ್ಟರೆ ಗಿಡ ತನ್ನದೇ ಅಂಗಾಂಶದಿಂದ ಅದಕ್ಕೊಂದು ಮನೆ ಕಟ್ಟಿಕೊಡುವುದೇಕೆ? ಒಂದು ಜೀವಿ ಇನ್ನೊಂದರ ಬೆಳವಣಿಗೆಯ ದಿಕ್ಕನ್ನೇ ಬದಲಿಸುವುದು ಹೇಗೆ? ಈ ಪ್ರಶ್ನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ವಾಗೆನಿಂಗನ್ ಎಂಬ ಊರಿನ ಕೃಷಿ ಶಾಲೆಯಲ್ಲಿ ಅವರು ಸುಮಾರು 9 ವರ್ಷ ಪಾಠ ಮಾಡಿದರು. ಒಳ್ಳೆಯ ಮೇಷ್ಟ್ರು ಅನ್ನಿಸಿಕೊಳ್ಳಲಿಲ್ಲ. ತಮಗೆ ತಿಳಿದದ್ದು ವಿದ್ಯಾರ್ಥಿಗಳಿಗೆ ತಕ್ಷಣ ತಿಳಿಯದಿದ್ದರೆ ಅವರಿಗೆ ತಾಳ್ಮೆ ಇರುತ್ತಿರಲಿಲ್ಲ. ಬೈಗುಳ, ವ್ಯಂಗ್ಯ, ಸಿಡುಕು. ಈ ಸ್ವಭಾವವನ್ನು ಅವರ ಜೀವನಚರಿತ್ರೆ ಬರೆದ ಶಿಷ್ಯರೂ ಮುಚ್ಚಿಟ್ಟಿಲ್ಲ.

ಯೀಸ್ಟ್ ಕಾರ್ಖಾನೆಯಲ್ಲಿ

1885ರಲ್ಲಿ ಡೆಲ್ಫ್ಟ್‌ನ ಯೀಸ್ಟ್ ಮತ್ತು ಮದ್ಯಸಾರದ ಕಾರ್ಖಾನೆಯೊಂದು ಅವರನ್ನು ಕರೆಯಿತು. ಅದರ ಒಡೆಯ ಫಾನ್ ಮಾರ್ಕೆನ್ ಆ ಕಾಲಕ್ಕೆ ಅಪರೂಪದ ಮನುಷ್ಯ. ಕಾರ್ಖಾನೆಗೊಂದು ಸೂಕ್ಷ್ಮಜೀವಿ ಪ್ರಯೋಗಾಲಯ ಬೇಕು ಎಂದು ಆಗಲೇ ಯೋಚಿಸಿ ಕಟ್ಟಿಸಿದ್ದರು. ಬೇಯರಿಂಕ್‌ಗೆ ಬ್ಯಾಕ್ಟೀರಿಯಾದ ಅನುಭವ ಹೆಚ್ಚೇನೂ ಇರಲಿಲ್ಲ, ಅವರು ಗಿಡಗಳ ಮನುಷ್ಯ. ಅದೇ ಒಳ್ಳೆಯದಾಯಿತು ಎನ್ನಬೇಕು. ಆಗ ಫ್ರಾನ್ಸ್‌ನ ಪಾಶ್ಚರ್, ಜರ್ಮನಿಯ ಕೋಖ್ ಮತ್ತು ಅವರ ಶಿಷ್ಯರ ದೆಸೆಯಿಂದ ಬ್ಯಾಕ್ಟೀರಿಯಾ ಎಂದರೆ ರೋಗ ಎಂಬ ಮಾತು ಎಲ್ಲೆಡೆ ಹಬ್ಬಿತ್ತು. ಗಿಡ, ಮಣ್ಣು, ನೀರಿನ ಕಡೆಯಿಂದ ಬಂದ ಬೇಯರಿಂಕ್ ಬೇರೆಯದೇ ಪ್ರಶ್ನೆ ಕೇಳಿದರು. ರೋಗ ತಾರದ ಕೋಟ್ಯಂತರ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಏನು ಕೆಲಸ ಮಾಡುತ್ತಿವೆ?

1888ರಲ್ಲಿ ಮೊದಲ ದೊಡ್ಡ ಉತ್ತರ ಸಿಕ್ಕಿತು. ದ್ವಿದಳ ಧಾನ್ಯದ ಗಿಡಗಳ ಬೇರುಗಂಟಿನಿಂದ ಒಂದು ಬ್ಯಾಕ್ಟೀರಿಯಾವನ್ನು ಅವರು ಬೇರ್ಪಡಿಸಿ ಬೆಳೆಸಿದರು. ಇವತ್ತು ಅದನ್ನು ರೈಜೋಬಿಯಂ ಎನ್ನುತ್ತೇವೆ. ಹೆಸರು, ಉದ್ದು, ಕಡಲೆ ಬಿತ್ತುವ ಮುನ್ನ ನಮ್ಮ ರೈತರು ಬೀಜಕ್ಕೆ ಲೇಪಿಸುವ ಪುಡಿಯಲ್ಲಿರುವುದು ಇದೇ ಬಳಗದ ಜೀವಿ. ಅಂದರೆ ಪ್ಯಾಕೆಟ್ಟಿನಲ್ಲಿ ಬರುವ ಬ್ಯಾಕ್ಟೀರಿಯಾ ಎಲ್ಲವೂ ಮೋಸ ಎಂದು ನಾವು ಹೇಳುತ್ತಿಲ್ಲ. ರೈಜೋಬಿಯಂಗೆ ಬೇರಿನೊಳಗೆ ಮನೆಯೂ ಊಟವೂ ಸಿಗುತ್ತದೆ, ಆದ್ದರಿಂದ ಅದು ನೆಲೆ ನಿಲ್ಲುತ್ತದೆ. ಎಣ್ಣೆ ತಿನ್ನುವ ಪುಡಿಯ ಕಥೆಗೆ ಬಂದಾಗ ಈ ವ್ಯತ್ಯಾಸ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಒಂದೇ ಪದಾರ್ಥದ ಊಟ

ಒಂದು ಚಮಚ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಅಷ್ಟರಲ್ಲಿ ನಮಗೆ ಬೇಕಾದ ಒಂದನ್ನು ಹಿಡಿಯುವುದು ಹೇಗೆ? ಜಾತ್ರೆಯಲ್ಲಿ ಗುರುತಿಲ್ಲದವರನ್ನು ಹುಡುಕಿದಂತೆ. ಬೇಯರಿಂಕ್ ಅವರ ಉಪಾಯ ಬಹಳ ಸರಳ. ಹುಡುಕಬೇಡಿ, ಅದೇ ಮುಂದೆ ಬರುವಂತೆ ಮಾಡಿ.

ಎಲೆ ಹಾಕಿ ಒಂದೇ ಒಂದು ಪದಾರ್ಥ ಬಡಿಸಿದರೆ ಏನಾಗುತ್ತದೆ? ಅದನ್ನು ತಿನ್ನಬಲ್ಲವರು ಮಾತ್ರ ಕೂರುತ್ತಾರೆ, ಉಳಿದವರು ಹಸಿದು ಎದ್ದು ಹೋಗುತ್ತಾರೆ. ಹಾಗೆಯೇ ಬಾಟಲಿಯಲ್ಲಿ ನೀರು, ಬೇಕಾದ ಲವಣಗಳು, ಆಹಾರವಾಗಿ ಒಂದೇ ವಸ್ತು. ಅದಕ್ಕೆ ಚಿಟಿಕೆ ಮಣ್ಣು. ಆ ವಸ್ತುವನ್ನು ತಿನ್ನಬಲ್ಲ ಬ್ಯಾಕ್ಟೀರಿಯಾ ಇದ್ದರೆ ಅದೊಂದೇ ಬೆಳೆಯುತ್ತದೆ. ಕೆಲವು ದಿನದ ನಂತರ ಅದರಿಂದ ಒಂದು ಹನಿ ತೆಗೆದು ಹೊಸ ಬಾಟಲಿಗೆ ಹಾಕಿ. ಮತ್ತೆ ಹಾಗೆಯೇ ಮಾಡಿ. ನಾಲ್ಕೈದು ಸುತ್ತಿನಲ್ಲಿ ಗುಂಪು ಕರಗಿ, ಬೇಕಾದ್ದು ತುಂಬಿಕೊಳ್ಳುತ್ತದೆ.

ಇಡ್ಲಿ ಹಿಟ್ಟು ಹುದುಗುವುದೂ ಹೆಚ್ಚು ಕಡಿಮೆ ಹೀಗೆಯೇ. ಅಮ್ಮ ಅದಕ್ಕೆ ಯಾವ ಬ್ಯಾಕ್ಟೀರಿಯಾವನ್ನೂ ಅಂಗಡಿಯಿಂದ ತಂದು ಹಾಕುವುದಿಲ್ಲ. ಉದ್ದು, ಅಕ್ಕಿ, ನೀರು, ಉಪ್ಪು, ರಾತ್ರಿಯ ಬೆಚ್ಚಗೆ, ಇಷ್ಟನ್ನು ಒದಗಿಸುತ್ತಾರೆ. ಕಾಳಿನಲ್ಲೇ ಇದ್ದ ಸಾವಿರ ಬಗೆಯ ಜೀವಿಗಳಲ್ಲಿ ಆ ಪರಿಸ್ಥಿತಿಗೆ ಒಗ್ಗುವ ಕೆಲವೇ ಕೆಲವು ಬೆಳಗಾಗುವಷ್ಟರಲ್ಲಿ ಹಿಟ್ಟನ್ನು ಉಬ್ಬಿಸಿರುತ್ತವೆ.

ಬೇಯರಿಂಕ್ ಮತ್ತು ಅವರದೇ ಕಾಲದ ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ, ಇಬ್ಬರೂ ಈ ದಾರಿಯಲ್ಲಿ ನಡೆದರು. ಆದರೆ ಇದನ್ನು ಯಾವ ವಸ್ತುವಿಗೆ ಬೇಕಾದರೂ ಬಳಸಬಹುದಾದ ಪದ್ಧತಿಯಾಗಿ ಮಾಡಿದವರು ಬೇಯರಿಂಕ್. 1901ರಲ್ಲಿ ಅವರು ಸಾರಜನಕವೇ ಇಲ್ಲದ ದ್ರಾವಣ ಮಾಡಿ ಅದಕ್ಕೆ ತೋಟದ ಮಣ್ಣು, ಡೆಲ್ಫ್ಟ್‌ನ ಕಾಲುವೆ ನೀರು ಹಾಕಿ ಕಾದರು. ಗಾಳಿಯಿಂದಲೇ ಸಾರಜನಕ ಹೀರಿಕೊಂಡು ಬದುಕುವ ಅಜೋಟೋಬ್ಯಾಕ್ಟರ್ ಸಿಕ್ಕಿತು. ಇದೂ ಇವತ್ತು ಜೈವಿಕ ಗೊಬ್ಬರ.

ಸೂಕ್ಷ್ಮಜೀವಿಗಳು ಎಲ್ಲ ಕಡೆ ಹರಡಿಕೊಂಡಿರುತ್ತವೆ, ಯಾವುದು ಮೇಲೆ ಬರಬೇಕು ಎಂಬುದನ್ನು ಪರಿಸರ ಆರಿಸುತ್ತದೆ ಎಂಬ ಅರ್ಥದ ಮಾತೊಂದು ಈ ವಿಜ್ಞಾನದಲ್ಲಿ ಬಹಳ ಪ್ರಸಿದ್ಧ. ಅದನ್ನು ಆ ರೂಪದಲ್ಲಿ 1934ರಲ್ಲಿ ಬರೆದವರು ಬಾಸ್ ಬೆಕಿಂಗ್ ಎಂಬ ಇನ್ನೊಬ್ಬ ಡಚ್ ವಿಜ್ಞಾನಿ. ಮೂಲ ಯೋಚನೆ ಬೇಯರಿಂಕ್ ಅವರದು ಎಂದು ಅವರೇ ಹೇಳಿದ್ದಾರೆ.

ಇಬ್ಬರು ಸಹೋದರಿಯರು, ಒಂದು ಪ್ರಯೋಗಾಲಯ

1895ರಲ್ಲಿ ಬೇಯರಿಂಕ್ ತಾವು ಓದಿದ ಡೆಲ್ಫ್ಟ್ ಪಾಲಿಟೆಕ್ನಿಕ್‌ಗೇ ಪ್ರೊಫೆಸರ್ ಆಗಿ ಮರಳಿದರು. ಅವರು ಮದುವೆಯಾಗಲಿಲ್ಲ. ಯೋಹಾನಾ, ಹೆನ್ರಿಯೆಟ್ ಎಂಬ ಸಹೋದರಿಯರ ಜೊತೆ ಇದ್ದರು. ಹೆನ್ರಿಯೆಟ್ ಒಳ್ಳೆಯ ಚಿತ್ರಗಾರ್ತಿ. ಅಣ್ಣತಮ್ಮಂದಿರ ಸಾಧನೆಯ ಕಥೆಯಲ್ಲಿ ಅಕ್ಕತಂಗಿಯರ ಹೆಸರು ಸಾಮಾನ್ಯವಾಗಿ ಕಾಣೆಯಾಗುತ್ತದೆ, ಇಲ್ಲಿ ಹಾಗಾಗಿಲ್ಲ. ಬೇಯರಿಂಕ್ ತರಗತಿಯಲ್ಲಿ ತೂಗುಹಾಕುತ್ತಿದ್ದ ದೊಡ್ಡ ಬಣ್ಣದ ಚಿತ್ರಪಟಗಳನ್ನು ಬರೆದವರು ಹೆನ್ರಿಯೆಟ್. ಗಂಟು, ಶಿಲೀಂಧ್ರ, ಬ್ಯಾಕ್ಟೀರಿಯಾಗಳ ಆ ಪಟಗಳನ್ನು ಡೆಲ್ಫ್ಟ್‌ನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಪ್ರಯೋಗಾಲಯದಲ್ಲಿ ಬೇಯರಿಂಕ್ ಹೇಗಿದ್ದರು? ವಾಗೆನಿಂಗನ್‌ನಲ್ಲಿ ಇದ್ದ ಹಾಗೆಯೇ. ಶಿಸ್ತು, ಸಿಡುಕು, ಒಂಟಿತನ. ಶಿಷ್ಯರು ಹೆದರುತ್ತಿದ್ದರು, ಆದರೆ ಅವರ ಕಣ್ಣಿಗೆ ಬೀಳುತ್ತಿದ್ದುದು ಬೇರೆಯವರಿಗೆ ಬೀಳುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಬೈಗುಳವಿಲ್ಲದೆ ಪಾಠ ಮಾಡಿದ್ದರೆ ಅವರ ಬಳಿ ಇನ್ನೂ ಎಷ್ಟು ಜನ ತಯಾರಾಗುತ್ತಿದ್ದರೋ ಎಂದು ನಮಗೆ ಅನ್ನಿಸುತ್ತದೆ. ದೊಡ್ಡವರ ಒರಟುತನವನ್ನು ಪ್ರತಿಭೆಯ ಲಕ್ಷಣ ಎಂದು ಹೊಗಳುವ ಫಾರ್ವರ್ಡ್‌ಗಳು ನಮಗೆ ಇಷ್ಟವಿಲ್ಲ.

1898ರಲ್ಲಿ ಅವರು ಕೈಗೆತ್ತಿಕೊಂಡದ್ದು ತಂಬಾಕಿನ ಎಲೆಯ ರೋಗವನ್ನು. ತಂದೆಯನ್ನು ಮುಳುಗಿಸಿದ ತಂಬಾಕೇ ಮಗನಿಗೆ ಹೆಸರು ತಂದಿತು! ರೋಗ ಬಂದ ಎಲೆಯ ರಸವನ್ನು ಬ್ಯಾಕ್ಟೀರಿಯಾ ದಾಟಲಾರದ ಪಿಂಗಾಣಿ ಸೋಸುಕದಲ್ಲಿ ಸೋಸಿದರೂ ಅದು ಆರೋಗ್ಯವಂತ ಗಿಡಕ್ಕೆ ರೋಗ ತರುತ್ತಿತ್ತು. ರಷ್ಯಾದ ಇವಾನೊವ್‌ಸ್ಕಿ 1892ರಲ್ಲೇ ಇದನ್ನು ಕಂಡಿದ್ದರು. ಆದರೆ ಇದು ಬ್ಯಾಕ್ಟೀರಿಯಾಕ್ಕಿಂತ ಬೇರೆಯದೇ ಆದ ಸೋಂಕು, ಬೆಳೆಯುತ್ತಿರುವ ಜೀವಕೋಶದಲ್ಲಿ ಮಾತ್ರ ಹೆಚ್ಚುತ್ತದೆ ಎಂದು ಧೈರ್ಯವಾಗಿ ಹೇಳಿದವರು ಬೇಯರಿಂಕ್. ಅದಕ್ಕೆ ಅವರು ವೈರಸ್ ಎಂಬ ಹಳೆಯ ಪದವನ್ನೇ ಬಳಸಿದರು. ಅದು ದ್ರವರೂಪದಲ್ಲಿದೆ ಎಂದು ಅವರು ಭಾವಿಸಿದ್ದು ಸರಿಯಲ್ಲ, ವೈರಸ್ ಅತಿ ಸಣ್ಣ ಕಣ ಎಂದು ಮುಂದೆ ಗೊತ್ತಾಯಿತು. ಕೊರೋನಾ ಕಾಲದಲ್ಲಿ ಇದನ್ನು ಓದಿದ ನೆನಪು ನಿಮಗಿರಬಹುದು, ಆದ್ದರಿಂದ ಹೆಚ್ಚು ಹೇಳುವುದಿಲ್ಲ.

ಮೆಂಡೆಲ್ ಬರೆದ ಆ ಕಿರುಹೊತ್ತಿಗೆ

ಈಗ ಜೀನ್‌ಗಳ ವಿಷಯ. ಆನುವಂಶಿಕತೆಯ ನಿಯಮಗಳನ್ನು ಬಟಾಣಿ ಗಿಡದಲ್ಲಿ ಕಂಡುಹಿಡಿದ ಪಾದ್ರಿ ಗ್ರೆಗೊರ್ ಮೆಂಡೆಲ್ ಅವರ ಲೇಖನ 1866ರಲ್ಲೇ ಅಚ್ಚಾಗಿತ್ತು. ಸುಮಾರು 35 ವರ್ಷ ಅದನ್ನು ಹೆಚ್ಚಿನವರು ಗಮನಿಸಲಿಲ್ಲ. 1900ರಲ್ಲಿ ಅದು ಮತ್ತೆ ಬೆಳಕಿಗೆ ಬಂದದ್ದು ಮೂವರು ವಿಜ್ಞಾನಿಗಳಿಂದ. ಅವರಲ್ಲಿ ಒಬ್ಬರು ಆಮ್‌ಸ್ಟರ್‌ಡ್ಯಾಮ್‌ನ ಹ್ಯೂಗೊ ಡಿ ಫ್ರೀಸ್. ಬೇಯರಿಂಕ್ ತಮ್ಮಲ್ಲಿದ್ದ ಮೆಂಡೆಲ್ ಲೇಖನದ ಪ್ರತಿಯನ್ನು ಡಿ ಫ್ರೀಸ್ ಅವರಿಗೆ ಕಳಿಸಿದ್ದರು ಎಂದು ಡಿ ಫ್ರೀಸ್ ಅವರ ಶಿಷ್ಯರೊಬ್ಬರು ಬಹಳ ವರ್ಷದ ನಂತರ ದಾಖಲಿಸಿದ್ದಾರೆ. ಬೇಯರಿಂಕ್ ಬಳಿ ಅದು ಇದ್ದದ್ದು ಅಚ್ಚರಿಯೇನಲ್ಲ, ವಾಗೆನಿಂಗನ್‌ನಲ್ಲಿದ್ದಾಗ ಅವರೂ ಗೋಧಿ, ಬಾರ್ಲಿ ತಳಿಗಳನ್ನು ಅಡ್ಡ ಹಾಯಿಸಿ ನೋಡಿದ್ದರು.

ಅದೇ 1900ರಲ್ಲಿ ಬೇಯರಿಂಕ್ ಇನ್ನೊಂದು ಲೇಖನ ಬರೆದರು, ಸೂಕ್ಷ್ಮಜೀವಿಗಳಲ್ಲಿ ಕಾಣುವ ಆನುವಂಶಿಕ ಬದಲಾವಣೆಗಳ ಬಗ್ಗೆ. ಒಂದೇ ಬ್ಯಾಕ್ಟೀರಿಯಾದ ಸಂತಾನದಲ್ಲಿ ಕೆಲವು ಇದ್ದಕ್ಕಿದ್ದಂತೆ ಬಣ್ಣ ಕಳೆದುಕೊಳ್ಳುತ್ತವೆ, ಕೆಲವು ಬೆಳಕು ಬೀರುವುದನ್ನು ನಿಲ್ಲಿಸುತ್ತವೆ, ಆ ಬದಲಾವಣೆ ಮುಂದಿನ ಪೀಳಿಗೆಗೂ ಹೋಗುತ್ತದೆ ಎಂದು ಅವರು ಗಮನಿಸಿದ್ದರು. ಬ್ಯಾಕ್ಟೀರಿಯಾಗೂ ಆನುವಂಶಿಕತೆ ಇದೆ ಎಂಬುದನ್ನೇ ಅನೇಕರು ಒಪ್ಪದಿದ್ದ ಕಾಲ ಅದು. ಜೀನ್ ಎಂಬ ಪದ ಕೂಡ ಹುಟ್ಟಿರಲಿಲ್ಲ, ಅದು ಬಂದದ್ದು 1909ರಲ್ಲಿ. ಅವರ ಈ ಕೆಲಸ ಆಗ ಹೆಚ್ಚು ಸದ್ದು ಮಾಡಲಿಲ್ಲ. ವೈರಸ್‌ಗಿಂತ ಇದೇ ಅವರ ದೊಡ್ಡ ಮುಂದಾಲೋಚನೆ ಎಂದು ನಮ್ಮ ಅನಿಸಿಕೆ.

ಪೆಟ್ರೋಲ್ ಉಣ್ಣುವವರು

ಬೇಯರಿಂಕ್ ಅವರ ಡೆಲ್ಫ್ಟ್ ಪ್ರಯೋಗಾಲಯದಲ್ಲಿ ಸೊಂಗನ್ ಎಂಬ ಯುವಕ ಆಹಾರವಾಗಿ ಮೀಥೇನ್ ಅನಿಲವನ್ನು ಮಾತ್ರ ಬಡಿಸಿ ನೋಡಿದರು. ಅದನ್ನೂ ತಿನ್ನುವ ಬ್ಯಾಕ್ಟೀರಿಯಾ ಮೇಲೆ ಬಂತು! 1906ರ ಹೊತ್ತಿಗೆ ಅದು ಪ್ರಬಂಧವಾಯಿತು. 1913ರಲ್ಲಿ ಅದೇ ಸೊಂಗನ್, ಪೆಟ್ರೋಲ್, ಸೀಮೆಎಣ್ಣೆಯಂಥ ಕಲ್ಲೆಣ್ಣೆ, ಮೇಣ ಇವನ್ನೆಲ್ಲ ಉಂಡು ಬದುಕುವ ಸೂಕ್ಷ್ಮಜೀವಿಗಳನ್ನು ವರ್ಣಿಸಿದರು. ಸಾಮಾನ್ಯ ಮಣ್ಣಿನಿಂದ, ಯಾವ ಸೃಷ್ಟಿಯೂ ಇಲ್ಲದೆ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಹೊಸ ಆವಿಷ್ಕಾರ ಎನ್ನುವ ಸಂದೇಶ ಬಂದರೆ ಈ ಇಸವಿಯನ್ನು ನೆನಪಿಸಿಕೊಳ್ಳಿ.

ಪೆಟ್ರೋಲ್ ಮತ್ತು ಮೇಣದಲ್ಲಿ ಹೆಚ್ಚಾಗಿ ಇರುವುದು ಇಂಗಾಲದ ಉದ್ದನೆಯ ಸರಪಳಿ. ಟಾರಿನ ವಿಷಯ ಇನ್ನೂ ಕಷ್ಟ. ಕಲ್ಲಿದ್ದಲ ಟಾರು, ಹೊಗೆಯ ಮಸಿ, ವಾಹನದ ಹೊಗೆ, ಸೌದೆ ಒಲೆಯ ಹೊಗೆ ಇವುಗಳಲ್ಲಿ ಇಂಗಾಲದ ಪರಮಾಣುಗಳು ಆರು ಕೋನದ ಉಂಗುರಗಳಾಗಿ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ, ಜೇನುಗೂಡಿನ ಕೋಣೆಗಳಂತೆ. ಇವನ್ನು ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೊಕಾರ್ಬನ್ ಅಥವಾ ಚಿಕ್ಕದಾಗಿ ಪಿಎಎಚ್ ಎನ್ನುತ್ತಾರೆ. ಎರಡು ಉಂಗುರದ ಪಿಎಎಚ್ ನಿಮ್ಮ ಬೀರುವಿನಲ್ಲೇ ಇರಬಹುದು. ಬಟ್ಟೆಯ ನಡುವೆ ಇಡುವ ನುಸಿಗುಳಿಗೆ, ಅಂದರೆ ನ್ಯಾಫ್ತಲೀನ್. (ಈಗ ಕೆಲವು ಗುಳಿಗೆಗಳಲ್ಲಿ ಬೇರೆ ರಾಸಾಯನಿಕ ಇರುತ್ತದೆ. ಇನ್ನೊಂದು ಮಾತು: ನುಸಿಗುಳಿಗೆ ಜೊತೆ ಎತ್ತಿಟ್ಟ ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕದೆ ಕೂಸುಗಳಿಗೆ ತೊಡಿಸಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದುಹಾಕಬಲ್ಲದು.)

1921ರಲ್ಲಿ, 70 ತುಂಬಿದಾಗ, ನಿಯಮದಂತೆ ಬೇಯರಿಂಕ್ ನಿವೃತ್ತರಾದರು. ಪ್ರಯೋಗಾಲಯ ಬಿಟ್ಟು ಹೋಗುವುದು ಅವರಿಗೆ ಸುಲಭವಾಗಿರಲಿಲ್ಲ. ಸಹೋದರಿಯರ ಜೊತೆ ಗೊರ್ಸೆಲ್ ಎಂಬ ಹಳ್ಳಿಗೆ ಹೋಗಿ, ತಾವು ಶುರು ಮಾಡಿದಲ್ಲಿಗೇ, ಅಂದರೆ ಗಿಡ ಮತ್ತು ಗಂಟುಗಳ ಕಡೆಗೇ ತಿರುಗಿದರು. 1931ರ ಜನವರಿ 1ರಂದು ಅಲ್ಲೇ ತೀರಿಕೊಂಡರು.

ಡೆಲ್ಫ್ಟ್‌ನಲ್ಲಿ ಅವರ ಕುರ್ಚಿಗೆ ಬಂದ ಆಲ್ಬರ್ಟ್ ಕ್ಲೈವರ್ ಸೌಮ್ಯ ಮನುಷ್ಯ. ಅವರ ಶಿಷ್ಯರೊಬ್ಬರು 1926ರ ಪ್ರಬಂಧದಲ್ಲಿ, ಮಣ್ಣಿನ ಸೂಡೊಮೊನಾಸ್ ಪುಟಿಡಾ ಎಂಬ ಬ್ಯಾಕ್ಟೀರಿಯಾ ಹತ್ತಾರು ಬೇರೆ ಬೇರೆ ಸಾವಯವ ವಸ್ತುಗಳನ್ನು ಒಂದೊಂದಾಗಿ ತಿಂದು ಬದುಕಬಲ್ಲದು ಎಂದು ತೋರಿಸಿದರು. ಈ ಹೆಸರು ಮತ್ತೆ ಬರುತ್ತದೆ. 1927ರಲ್ಲಿ, ಬೇಯರಿಂಕ್ ಗೊರ್ಸೆಲ್‌ನಲ್ಲಿರುವಾಗಲೇ, ರಷ್ಯಾದ ತೌಸೊನ್ ನ್ಯಾಫ್ತಲೀನ್ ಒಂದನ್ನೇ ಆಹಾರವಾಗಿ ಕೊಟ್ಟು ಬ್ಯಾಕ್ಟೀರಿಯಾ ಬೆಳೆಸಿದ್ದನ್ನು ಪ್ರಕಟಿಸಿದರು.

ಈ ವಿದ್ಯೆ ಬರೆದಿರುವುದೆಲ್ಲಿ?

ನುಸಿಗುಳಿಗೆಯನ್ನು ತಿನ್ನುವ ಬ್ಯಾಕ್ಟೀರಿಯಾ ಆ ವಿದ್ಯೆ ಕಲಿತದ್ದೆಲ್ಲಿ? ಇದಕ್ಕೆ ಉತ್ತರ ಸಿಗಲು ಬೇಯರಿಂಕ್ ಸತ್ತು 40 ವರ್ಷ ಕಳೆಯಬೇಕಾಯಿತು. 1973ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಡನ್ ಮತ್ತು ಗುನ್ಸಾಲಸ್ ಅದನ್ನು ತೋರಿಸಿದರು. ಸೂಡೊಮೊನಾಸ್ ಪುಟಿಡಾದಲ್ಲಿ ಈ ಕೆಲಸದ ಜೀನ್‌ಗಳು ಮುಖ್ಯ ವರ್ಣತಂತುವಿನಲ್ಲಿ ಇರಲಿಲ್ಲ. ಪ್ಲಾಸ್ಮಿಡ್ ಎಂಬ ಬೇರೆಯದೇ ಒಂದು ಡಿಎನ್‌ಎ ಬಳೆಯಲ್ಲಿದ್ದವು.

ವರ್ಣತಂತು ಮನೆಯ ದೊಡ್ಡ ಕಪಾಟಿನ ಪುಸ್ತಕ ಎಂದುಕೊಂಡರೆ, ಪ್ಲಾಸ್ಮಿಡ್ ಅಡುಗೆಯ ಸಣ್ಣ ಪಟ್ಟಿಪುಸ್ತಕ. ಅದನ್ನು ನಕಲು ಮಾಡಿ ಪಕ್ಕದ ಮನೆಗೆ ಕೊಡಬಹುದು. ಬ್ಯಾಕ್ಟೀರಿಯಾಗಳು ಅಕ್ಷರಶಃ ಹೀಗೆ ಮಾಡುತ್ತವೆ. ಎರಡು ಬ್ಯಾಕ್ಟೀರಿಯಾ ಅಂಟಿಕೊಂಡಾಗ ಒಂದರ ಪ್ಲಾಸ್ಮಿಡ್‌ನ ಪ್ರತಿ ಇನ್ನೊಂದಕ್ಕೆ ಹೋಗುತ್ತದೆ. ನಿನ್ನೆಯವರೆಗೆ ನ್ಯಾಫ್ತಲೀನ್ ತಿನ್ನಲು ಬಾರದಿದ್ದ ಜೀವಿ ಇವತ್ತು ತಿನ್ನತೊಡಗುತ್ತದೆ. ಆ್ಯಂಟಿಬಯೋಟಿಕ್‌ಗೆ ಬಗ್ಗದ ಗುಣ ಒಂದು ರೋಗಾಣುವಿನಿಂದ ಇನ್ನೊಂದಕ್ಕೆ ಹರಡುವುದೂ ಬಹುಪಾಲು ಇದೇ ದಾರಿಯಲ್ಲಿ.

ಆ ನ್ಯಾಫ್ತಲೀನ್ ಪ್ಲಾಸ್ಮಿಡ್‌ನ ಹೆಸರು ಎನ್ಎಎಚ್7, ಉದ್ದ ಸುಮಾರು 80 ಸಾವಿರ ಡಿಎನ್‌ಎ ಅಕ್ಷರ. ಅದರಲ್ಲಿ ಕೆಲಸದ ಜೀನ್‌ಗಳು ಎರಡು ಸಾಲಾಗಿ ಕೂತಿವೆ. ಮೊದಲ ಸಾಲಿನ ಜೀನ್‌ಗಳು ತಯಾರಿಸುವ ಕಿಣ್ವಗಳು ಗಾಳಿಯ ಆಮ್ಲಜನಕದ ಎರಡು ಪರಮಾಣುಗಳನ್ನು ತಂದು ಉಂಗುರಕ್ಕೆ ಸಿಕ್ಕಿಸುತ್ತವೆ. ಗಟ್ಟಿ ಉಂಗುರ ಸಡಿಲವಾಗುವುದು ಈ ಹೆಜ್ಜೆಯಲ್ಲೇ. ನಂತರ ಒಂದು ಉಂಗುರ ಒಡೆದು, ಹಂತ ಹಂತವಾಗಿ ಸ್ಯಾಲಿಸಿಲೇಟ್ ಎಂಬ ವಸ್ತು ಉಳಿಯುತ್ತದೆ. ಇದು ಆ್ಯಸ್ಪಿರಿನ್ ಮಾತ್ರೆಯ ಹತ್ತಿರದ ನೆಂಟ. ಎರಡನೇ ಸಾಲಿನ ಜೀನ್‌ಗಳು ಸ್ಯಾಲಿಸಿಲೇಟನ್ನೂ ಒಡೆದು ಬ್ಯಾಕ್ಟೀರಿಯಾದ ದಿನನಿತ್ಯದ ಆಹಾರವಾಗಿ ಮಾಡುತ್ತವೆ.

ಎರಡೂ ಸಾಲುಗಳನ್ನು ಚಾಲೂ ಮಾಡುವ ಸ್ವಿಚ್ ಒಂದೇ ಜೀನ್. ಅದನ್ನು ಒತ್ತುವುದು ನ್ಯಾಫ್ತಲೀನ್ ಅಲ್ಲ, ಸ್ಯಾಲಿಸಿಲೇಟ್! ಸ್ವಲ್ಪವೇ ಸ್ವಲ್ಪ ಕಿಣ್ವ ಯಾವಾಗಲೂ ಇರುತ್ತದೆ. ನ್ಯಾಫ್ತಲೀನ್ ಬಂದಾಗ ಅದು ಕೊಂಚ ಸ್ಯಾಲಿಸಿಲೇಟ್ ಮಾಡುತ್ತದೆ, ಅದರಿಂದ ಪೂರ್ತಿ ಅಡುಗೆಮನೆ ಚಾಲೂ ಆಗುತ್ತದೆ. ಒಗ್ಗರಣೆ ವಾಸನೆ ಬಂದ ಮೇಲೆ ಎಲೆ ಹಾಕಿದಂತೆ. ಊಟವಿಲ್ಲದಾಗ ದುಬಾರಿ ಕಿಣ್ವಗಳನ್ನು ತಯಾರಿಸಿ ಶಕ್ತಿ ಹಾಳು ಮಾಡುವುದಿಲ್ಲ.

1983ರಲ್ಲಿ ಒಂದು ತಮಾಷೆ ನಡೆಯಿತು. ಅಮೆರಿಕದ ವಿಜ್ಞಾನಿಗಳು ಈ ಜೀನ್‌ಗಳಲ್ಲಿ ಕೆಲವನ್ನು ಇ. ಕೊಲೈ ಎಂಬ ಕರುಳಿನ ಬ್ಯಾಕ್ಟೀರಿಯಾಕ್ಕೆ ಹಾಕಿದರು. ಅದು ನೀಲಿ ಬಣ್ಣ ತಯಾರಿಸತೊಡಗಿತು. ಜೀನ್ಸ್ ಪ್ಯಾಂಟಿಗೆ ಹಾಕುವ ಅದೇ ಇಂಡಿಗೊ. ಉಂಗುರಕ್ಕೆ ಆಮ್ಲಜನಕ ಸಿಕ್ಕಿಸುವ ಕಿಣ್ವ, ಇ. ಕೊಲೈ ತಯಾರಿಸುವ ಇಂಡೋಲ್ ಎಂಬ ವಸ್ತುವಿನ ಮೇಲೂ ಕೈ ಆಡಿಸಿತ್ತು.

ಇವೆಲ್ಲ ಲ್ಯಾಬಿನ ಮಾತು. ಹೊರಗಿನ ಮಣ್ಣಿನಲ್ಲೂ ಹೀಗೆ ಆಗುತ್ತದೆಯೇ? ನ್ಯೂಯಾರ್ಕ್ ರಾಜ್ಯದಲ್ಲಿ ಕಲ್ಲಿದ್ದಲ ಟಾರು ಸುರಿದಿದ್ದ ಒಂದು ಜಾಗದ ಬ್ಯಾಕ್ಟೀರಿಯಾಗಳನ್ನು ಕಾರ್ನೆಲ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ 1997ರಲ್ಲಿ ವರದಿ ಮಾಡಿದರು. ಒಂದಕ್ಕೊಂದು ಬೇರೆಯಾದ ಹಲವು ಬ್ಯಾಕ್ಟೀರಿಯಾಗಳಲ್ಲಿ ನ್ಯಾಫ್ತಲೀನ್ ಒಡೆಯುವ ಜೀನ್ ಹೆಚ್ಚು ಕಡಿಮೆ ಒಂದೇ ಆಗಿತ್ತು. ಅಂದರೆ ಅದು ಅಲ್ಲಿಯೇ ಮನೆಯಿಂದ ಮನೆಗೆ ಕೈ ಬದಲಾಗಿತ್ತು. ಬೇಯರಿಂಕ್ ಅವರ ಬಾಟಲಿ ಬ್ಯಾಕ್ಟೀರಿಯಾವನ್ನು ಆರಿಸುತ್ತಿತ್ತು. ಟಾರು ಸುರಿದ ನೆಲ ಜೀನನ್ನೇ ಆರಿಸಿ ಹಂಚುತ್ತಿತ್ತು.

ಹಾಗಾದರೆ ಆ ಭಾರತೀಯ ವಿಜ್ಞಾನಿ?

ಫಾರ್ವರ್ಡ್‌ನಲ್ಲಿ ಬರುವವರು ಆನಂದ ಮೋಹನ್ ಚಕ್ರವರ್ತಿ, ಬಂಗಾಳದವರು, 2020ರಲ್ಲಿ ತೀರಿಕೊಂಡರು. ಅವರೂ ಗುನ್ಸಾಲಸ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರೇ. ನಂತರ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಬೇರೆ ಬೇರೆ ಪ್ಲಾಸ್ಮಿಡ್‌ಗಳನ್ನು ಒಂದೇ ಸೂಡೊಮೊನಾಸ್‌ನಲ್ಲಿ ಕೂಡಿಸಿದರು. ಒಂದು ಸರಪಳಿ ಎಣ್ಣೆಗೆ, ಒಂದು ಕರ್ಪೂರಕ್ಕೆ, ಒಂದು ನ್ಯಾಫ್ತಲೀನ್‌ಗೆ, ಹೀಗೆ. ಜೀನ್‌ಗಳನ್ನು ಅವರು ಸೃಷ್ಟಿಸಲಿಲ್ಲ, ನಿಸರ್ಗದಲ್ಲಿದ್ದ ಪಟ್ಟಿಪುಸ್ತಕಗಳನ್ನು ಒಂದೇ ಮನೆಯಲ್ಲಿ ಸೇರಿಸಿದರು. 1972ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1980ರ ಜೂನ್ 16ರಂದು ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ, ಮನುಷ್ಯ ಮಾರ್ಪಡಿಸಿದ ಜೀವಿಗೆ ಪೇಟೆಂಟ್ ಕೊಡಬಹುದು ಎಂದು ತೀರ್ಪು ನೀಡಿತು. ಅದು ಐತಿಹಾಸಿಕ ತೀರ್ಪು, ಹೆಮ್ಮೆ ಪಡಬೇಕಾದದ್ದೇ. ಆದರೆ ಆ ಬ್ಯಾಕ್ಟೀರಿಯಾವನ್ನು ಯಾವ ಸಮುದ್ರದ ಎಣ್ಣೆ ಸೋರಿಕೆಗೂ ಸುರಿದಿಲ್ಲ.

ನಿಜವಾದ ಸೋರಿಕೆಯಲ್ಲಿ ಏನಾಯಿತು ನೋಡಿ. 1989ರ ಮಾರ್ಚ್‌ನಲ್ಲಿ ಅಲಾಸ್ಕಾ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ತಾಗಿ ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಚೆಲ್ಲಿತು. ಅಲ್ಲಿಯ ದಡದ ಕಲ್ಲುಗಳ ಮೇಲೆ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಮೊದಲೇ ಇದ್ದವು. ಎಣ್ಣೆಯಿಂದ ಅವಕ್ಕೆ ಇಂಗಾಲವೇನೋ ಹೇರಳವಾಗಿ ಸಿಕ್ಕಿತು, ಸಾರಜನಕ ಮತ್ತು ರಂಜಕ ಸಾಲಲಿಲ್ಲ. ತುಪ್ಪದ ಡಬ್ಬಿ ಇದೆ, ಅನ್ನ ಇಲ್ಲ ಅನ್ನುವ ಸ್ಥಿತಿ. ಆದ್ದರಿಂದ ದಡಕ್ಕೆ ಗೊಬ್ಬರ ಹಾಕಿದರು, ಎಣ್ಣೆ ಒಡೆಯುವುದು ಚುರುಕಾಯಿತು. ಮಾರುಕಟ್ಟೆಯ ಬ್ಯಾಕ್ಟೀರಿಯಾ ಪುಡಿಗಳನ್ನೂ ಅಲ್ಲೇ ಹಾಕಿ ಪರೀಕ್ಷಿಸಿದರು. ಬರೀ ಗೊಬ್ಬರ ಹಾಕಿದ್ದಕ್ಕಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ರೈಜೋಬಿಯಂಗೆ ಬೇರಿನೊಳಗೆ ಮನೆ ಸಿಗುತ್ತದೆ ಎಂದೆವಲ್ಲ, ಸಮುದ್ರದ ದಡದಲ್ಲಿ ಹೊರಗಿನಿಂದ ಬಂದವರಿಗೆ ಅಂಥ ಮನೆ ಇರುವುದಿಲ್ಲ. ಅಲ್ಲಿ ಮೊದಲೇ ಒಗ್ಗಿಕೊಂಡವರ ನಡುವೆ ಹೊಸಬರು ಹಸಿದು ಸಾಯುತ್ತಾರೆ.

ಮನೆ ಕಟ್ಟಿಕೊಟ್ಟರೆ ಮಾತು ಬೇರೆ. ನಮ್ಮ ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದ ಸಂಶೋಧಕರು ನ್ಯಾಫ್ತಲೀನ್ ತಿನ್ನುವ ಒಂದು ಸೂಡೊಮೊನಾಸ್ ತಳಿಯನ್ನು ಪಾಲಿಯುರೆಥೇನ್ ಫೋಮಿನೊಳಗೆ ನೆಲೆಗೊಳಿಸಿ ಪ್ರಯೋಗ ಮಾಡಿದ್ದಾರೆ. ಹಾಸಿಗೆ, ಸೋಫಾದಲ್ಲಿರುವಂಥದ್ದೇ ಫೋಮ್. ಬಿಡಿಬಿಡಿಯಾಗಿ ಈಜುವ ಬ್ಯಾಕ್ಟೀರಿಯಾಗಿಂತ ಫೋಮಿನಲ್ಲಿ ಕೂತವು ಹೆಚ್ಚು ನ್ಯಾಫ್ತಲೀನನ್ನು ತಡೆದುಕೊಂಡು ಒಡೆದವು ಎಂದು 2001ರಲ್ಲಿ ಪ್ರಕಟಿಸಿದರು. ಕಾರ್ಖಾನೆಯ ಕೊಳಕು ನೀರನ್ನು ತೊಟ್ಟಿಯಲ್ಲಿ ಹಿಡಿದು ಶುದ್ಧ ಮಾಡಲು ಇಂಥದ್ದು ಉಪಯೋಗಕ್ಕೆ ಬರಬಹುದು. ತೆರೆದ ಕೆರೆಗೆ ಪುಡಿ ಎರಚುವುದಕ್ಕೂ ಇದಕ್ಕೂ ಬಹಳ ಅಂತರ.

ಉಂಗುರಗಳು ಹೆಚ್ಚಾದಷ್ಟೂ ಕೆಲಸ ನಿಧಾನ. ನಾಲ್ಕು ಉಂಗುರದ ಪೈರೀನ್ ಒಡೆಯುವ ಮೈಕೊಬ್ಯಾಕ್ಟೀರಿಯಂ ಒಂದನ್ನು 1988ರಲ್ಲಿ, ಬೇಯರಿಂಕ್ ಅವರ ದಾರಿಯಲ್ಲೇ, ಎಣ್ಣೆ ಸೇರಿದ ಕೆಸರಿನಿಂದ ಹುಡುಕಿ ತೆಗೆದರು. ಐದು ಉಂಗುರದ ಬೆನ್ಜೊಪೈರೀನ್ ಇನ್ನೂ ಗಟ್ಟಿ. ಸಿಗರೇಟು ಮತ್ತು ಸೌದೆಯ ಹೊಗೆಯಲ್ಲಿರುವ ಇದು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಸ್ಥೆ ಮೊದಲ ಗುಂಪಿನಲ್ಲೇ ಸೇರಿಸಿದೆ. ಇದೊಂದನ್ನೇ ಉಂಡು ಚೆನ್ನಾಗಿ ಬೆಳೆಯುವ ಬ್ಯಾಕ್ಟೀರಿಯಾ ಸಿಗುವುದು ಬಹಳ ಅಪರೂಪ. ಹೆಚ್ಚಿನವು ಬೇರೆ ಊಟದ ಜೊತೆ ಉಪ್ಪಿನಕಾಯಿಯಂತೆ ಇದನ್ನು ಸ್ವಲ್ಪ ಸ್ವಲ್ಪವೇ ಮುರಿಯುತ್ತವೆ. ಹಳೆಯ ಗ್ಯಾಸ್ ಕಾರ್ಖಾನೆಗಳ ಟಾರು ಸುರಿದ ಯೂರೋಪಿನ, ಅಮೆರಿಕದ ನೆಲಗಳಲ್ಲಿ ಅದು ಇವತ್ತಿಗೂ ಉಳಿದುಕೊಂಡಿದೆ.